ರಕ್ತದೊತ್ತಡವೂ ಜೀವಕೋಶದ ಲವಣಗಳೂ

ರಕ್ತದೊತ್ತಡ ಏರಿದವರು ಉಪ್ಪನ್ನು ತಗ್ಗಿಸಬೇಕೆಂಬ ಮಾತು ಇಂದು ನಿನ್ನೆಯದಲ್ಲ. ಫ್ರಾನ್ಸಿನ ಆಂಬಾರ್ ಮತ್ತು ಬೋಜಾರ್ ಎಂಬಿಬ್ಬರು 1904ರಲ್ಲಿಯೇ ಈ ಸಂಬಂಧವನ್ನು ಸೂಚಿಸಿದ್ದರು. ಮಾತು ಸತ್ಯವೇ ಸರಿ, ಆದರೆ ಅರ್ಧಸತ್ಯ. ಉಪ್ಪಿನಲ್ಲಿರುವ ಸೋಡಿಯಂ ದೇಹದಲ್ಲಿ ಏಕಾಂಗಿಯಾಗಿ ವರ್ತಿಸತಕ್ಕ ಧಾತುವಲ್ಲ. ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂಗಳೊಡನೆ ಅದಕ್ಕಿರುವ ಪ್ರಮಾಣವೇ ಧಮನಿಯ ಬಿಗುವನ್ನು ಬಹುಮಟ್ಟಿಗೆ ನಿರ್ಣಯಿಸುತ್ತದೆ.

ಜೀವಕೋಶದ ಹೊರಗಣ ದ್ರವದಲ್ಲಿ ಸೋಡಿಯಂ ಹೇರಳ, ಒಳಗೆ ವಿರಳ. ಪೊಟ್ಯಾಸಿಯಮ್ಮಿನ ಸ್ಥಿತಿ ಇದಕ್ಕೆ ತೀರ ವಿಪರೀತವಾಗಿದ್ದು, ಒಳಗಿನ ಪ್ರಮಾಣ ಹೊರಗಿನದರ 30 ಪಾಲಿಗೂ ಮಿಗಿಲು. ಈ ವೈಷಮ್ಯ ತಾನಾಗಿಯೇ ಉಳಿಯುವಂಥದಲ್ಲ. ಕೋಶದ ಪೊರೆಯಲ್ಲಿ ನೆಲೆಸಿರುವ ಒಂದು ಪ್ರೋಟೀನು, ಬಾವಿಯ ಏತದಂತೆ ಹಗಲಿರುಳೂ ದುಡಿಯುತ್ತ, ಒಂದೊಂದು ಎತ್ತಿಗೂ 3 ಸೋಡಿಯಂ ಕಣಗಳನ್ನು ಹೊರಚೆಲ್ಲಿ 2 ಪೊಟ್ಯಾಸಿಯಂ ಕಣಗಳನ್ನು ಒಳಗೆಳೆದುಕೊಳ್ಳುವುದರಿಂದಲೇ ಅದು ನಿಂತಿದೆ. ಡೆನ್ಮಾರ್ಕಿನ ಯೆನ್ಸ್ ಸ್ಕೌ ಏಡಿಯ ನರಗಳನ್ನು ಅರೆದು ಪರೀಕ್ಷಿಸಿ 1957ರಲ್ಲಿ ಈ ಪ್ರೋಟೀನಿನ ವಿಚಾರವನ್ನು ಪ್ರಕಟಿಸಿದರು. ಆ ಮಹನೀಯರು ರಕ್ತದೊತ್ತಡವನ್ನು ಅರಸಿ ಹೊರಟವರಂತೂ ಅಲ್ಲ, ಅರಿವಳಿಕೆ ಮದ್ದು ನರದ ಮೇಲೆ ಹೇಗೆ ವರ್ತಿಸುವುದೆಂಬ ಕುತೂಹಲವಷ್ಟೇ ಅವರದಾಗಿತ್ತು. ನೊಬೆಲ್ ಪಾರಿತೋಷಕ ಬಂದದ್ದು 1997ರಲ್ಲಿ.

ಇನ್ನು ಧಮನಿಯ ವಿಚಾರ. ಸಣ್ಣ ಧಮನಿಗಳ ಗೋಡೆಯಲ್ಲಿರುವ ಸ್ನಾಯುಕೋಶವು ಸಂಕುಚಿಸುವುದು ಕ್ಯಾಲ್ಸಿಯಮ್ಮಿನ ಆಜ್ಞೆಯಿಂದ. ಒಳಗೆ ನುಗ್ಗಿದ ಕ್ಯಾಲ್ಸಿಯಮ್ಮನ್ನು ಹೊರದೂಡುವ ಕೆಲಸದ ಒಂದು ಭಾಗವು, ಒಳಹರಿಯುವ ಸೋಡಿಯಮ್ಮಿನ ರಭಸವನ್ನೇ ಅವಲಂಬಿಸಿದೆ. ಆದುದರಿಂದ ಕೋಶದೊಳಗೆ ಸೋಡಿಯಂ ಹೆಚ್ಚಿ ಆ ರಭಸ ಕುಗ್ಗಿತೆಂದರೆ, ಕ್ಯಾಲ್ಸಿಯಂ ಒಳಗೇ ಉಳಿದು ಸ್ನಾಯು ಬಿಗಿಯುತ್ತದೆ. ಅಮೆರಿಕದ ಮಾರ್ಡಕೈ ಬ್ಲಾಸ್ಟೀನ್ 1977ರಲ್ಲಿ ಮುಂದಿಟ್ಟ ಈ ವಾದವನ್ನು ಎಲ್ಲ ಪಂಡಿತರೂ ಸರ್ವಾಂಶದಲ್ಲಿ ಒಪ್ಪಿಲ್ಲವಾದರೂ, ಅದರ ಮಹತ್ತ್ವ ತಿಳಿಯಬೇಕಾದರೆ ಒಂದು ಲೆಕ್ಕವನ್ನು ನೋಡಬೇಕು: ನಾಳದ ತ್ರಿಜ್ಯ ನೂರಕ್ಕೆ 10ರಷ್ಟು ಕಿರಿದಾದರೆ ಹರಿವಿಗೆ ಒದಗುವ ತಡೆ ನೂರಕ್ಕೆ 50ರಷ್ಟು ಏರುತ್ತದೆ. ಇಂದು ಮನೆಮನೆಯ ಮಾತ್ರೆಯಾಗಿರುವ ಆಮ್ಲೋಡಿಪಿನ್ ಮಾಡುವುದು ಕೂಡ, ಕ್ಯಾಲ್ಸಿಯಮ್ಮಿನ ಪ್ರವೇಶದ್ವಾರವನ್ನು ತಡೆಯುವುದನ್ನೇ. ಮೆಗ್ನೀಸಿಯಂ ಸ್ವಭಾವತಃ ಕ್ಯಾಲ್ಸಿಯಮ್ಮಿಗೆ ಪ್ರತಿಸ್ಪರ್ಧಿ. ಮೇಲಾಗಿ ಸ್ಕೌ ಕಂಡ ಆ ಪ್ರೋಟೀನು ಅದಿಲ್ಲದೆ ನಡೆಯದು.

ಪೊಟ್ಯಾಸಿಯಂ ಈ ವ್ಯವಸ್ಥೆಗೆ ಎರಡು ಬಗೆಯಲ್ಲಿ ನೆರವಾಗುತ್ತದೆ. ರಕ್ತದಲ್ಲಿ ಅದು ತುಸು ಹೆಚ್ಚಿದಾಗ ಸೋಡಿಯಮ್ಮನ್ನು ಹೊರಹಾಕುವ ಕಾರ್ಯ ಚುರುಕಾಗಿ ಧಮನಿ ಸಡಿಲುತ್ತದೆ. ಅದರ ಕೊರತೆಯಾದಾಗ ಮೂತ್ರಪಿಂಡವು ಸೋಡಿಯಮ್ಮನ್ನು ಬಿಟ್ಟುಕೊಡದೆ ಹಿಡಿದಿಟ್ಟುಕೊಳ್ಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪನ್ನೂ ಕನಿಷ್ಠ 3.5 ಗ್ರಾಂ ಪೊಟ್ಯಾಸಿಯಮ್ಮನ್ನೂ ವಿಧಿಸಿರುವುದರ ಹಿನ್ನೆಲೆ ಇದು. ಮೊದಲನೆಯ ವಿಧಿಯನ್ನು ಎಲ್ಲರೂ ಬಲ್ಲರು, ಎರಡನೆಯದನ್ನು ಬಲ್ಲವರು ವಿರಳ. ಉಪ್ಪಿನಕಾಯಿ, ಹಪ್ಪಳ, ಕುರುಕಲು ತಿಂಡಿಗಳು ಸೋಡಿಯಮ್ಮನ್ನು ಧಾರಾಳವಾಗಿ ಒದಗಿಸಿದರೆ, ಪೊಟ್ಯಾಸಿಯಂ ಬರಬೇಕಾದ ಸೊಪ್ಪು, ಕಾಳು, ಬಾಳೆಹಣ್ಣುಗಳು ತಟ್ಟೆಯ ಅಂಚಿಗೆ ಸರಿದಿವೆ. ಬೇಯಿಸಿದ ನೀರಿನಲ್ಲಿ ಪೊಟ್ಯಾಸಿಯಂ ಕರಗಿಹೋಗುವುದರಿಂದ, ಆ ನೀರನ್ನು ಚೆಲ್ಲುವವರು ಅದನ್ನೂ ಚೆಲ್ಲಿದಂತೆಯೇ. ಸೊಪ್ಪು ಕಾಳುಗಳನ್ನು ಬೇಯಿಸಿ ಬಸಿದ ಕಟ್ಟಿನಿಂದಲೇ ಬಸ್ಸಾರು ಮಾಡುವ ನಮ್ಮ ಹಳ್ಳಿಯ ಗೃಹಿಣಿಯರು ರಸಾಯನಶಾಸ್ತ್ರವನ್ನು ಓದದೆಯೇ ಈ ನಷ್ಟವನ್ನು ತಪ್ಪಿಸಿದ್ದಾರೆ, ಉಪ್ಪಿನ ಕೈ ಮಾತ್ರ ಹಗುರವಾಗಿರಬೇಕು.

ಚೀನಾದ 600 ಹಳ್ಳಿಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅಡುಗೆಯುಪ್ಪಿನ ಕಾಲುಭಾಗಕ್ಕೆ ಬದಲಾಗಿ ಪೊಟ್ಯಾಸಿಯಂ ಕ್ಲೋರೈಡನ್ನು ಬೆರೆಸಿ ಕೊಟ್ಟಾಗ ಪಾರ್ಶ್ವವಾಯುವಿನ ಪ್ರಮಾಣ ನೂರಕ್ಕೆ 14ರಷ್ಟು ತಗ್ಗಿತು. ಹಾಗೆಂದು ಇಂಥ ಉಪ್ಪು ಸರ್ವರಿಗೂ ಹಿತವಲ್ಲ. ಮೂತ್ರಪಿಂಡ ದುರ್ಬಲವಾಗಿರುವವರಲ್ಲಿಯೂ, ರಕ್ತದೊತ್ತಡದ ಕೆಲವು ಮಾತ್ರೆಗಳನ್ನು ಸೇವಿಸುವವರಲ್ಲಿಯೂ ಪೊಟ್ಯಾಸಿಯಂ ರಕ್ತದಲ್ಲಿ ಶೇಖರವಾಗಿ ಹೃದಯದ ಬಡಿತವನ್ನೇ ಕೆಡಿಸಬಲ್ಲದು. ಚೀನಾದ ಅಧ್ಯಯನಕಾರರು ಕೂಡ ತೀವ್ರ ಮೂತ್ರಪಿಂಡರೋಗಿಗಳನ್ನು ಹೊರಗಿಟ್ಟೇ ತಮ್ಮ ಕಾರ್ಯವನ್ನು ನಡೆಸಿದ್ದರು.