ತಿಕೋಟಾದಲ್ಲಿ ಹೊಲ ನೋಡುವ ಮುನ್ನ

ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ಪಶ್ಚಿಮಕ್ಕೆ ಹೊರಟರೆ ಮೊದಲು ತೊರವಿ, ಆಮೇಲೆ ಸುಮಾರು 20 ಕಿ.ಮೀ. ದೂರಕ್ಕೆ ತಿಕೋಟಾ. ಈಚೆಗೆ ಈ ದಾರಿಯಲ್ಲಿ ಎರಡು ಬಗೆಯ ಜನ ಬರುತ್ತಾರೆ. ಗೋಳಗುಮ್ಮಟ, ಇಬ್ರಾಹಿಂ ರೋಜಾ ನೋಡಿ ಮುಗಿಸಿ ಇನ್ನರ್ಧ ದಿನ ಕೈಯಲ್ಲಿ ಉಳಿದವರು ಒಂದು ಬಗೆ. ಏಜೆಂಟರ ನಂಬರು ಹಿಡಿದು ಎಕರೆಗೆ ಏನು ದರ ಎಂದು ಕೇಳುತ್ತ ಬರುವವರು ಇನ್ನೊಂದು ಬಗೆ. ಇಬ್ಬರಿಗೂ ಈ ಊರನ್ನು ಸರಿಯಾಗಿ ತೋರಿಸಬೇಕೆಂಬುದು ನನ್ನ ಆಸೆ. ದ್ರಾಕ್ಷಿ ಮತ್ತು ನೀರು, ಇವೆರಡರ ಕಥೆ ತಿಳಿಯದೆ ಇಲ್ಲಿನ ಮಣ್ಣಿನ ಬೆಲೆ ತಿಳಿಯುವುದಿಲ್ಲ.

ತಿಕೋಟಾ 2018ರಲ್ಲಿ ತಾಲ್ಲೂಕು ಕೇಂದ್ರವಾಯಿತು. ಅದಕ್ಕೂ ಮುಂಚೆ, 2008ರ ಕ್ಷೇತ್ರ ಮರುವಿಂಗಡಣೆಯವರೆಗೆ, ವಿಧಾನಸಭಾ ಕ್ಷೇತ್ರಕ್ಕೇ ಈ ಊರಿನ ಹೆಸರಿತ್ತು. ಈಗ ಅದು ಬಬಲೇಶ್ವರ ಕ್ಷೇತ್ರ. ಕಚೇರಿಗಳು ಬಂದಿವೆ, ಸೈಟುಗಳ ಬೋರ್ಡುಗಳೂ ಬಂದಿವೆ. ಆದರೂ ಊರ ಸೀಮೆ ದಾಟಿದೊಡನೆ ಕಣ್ಣಿಗೆ ಬೀಳುವುದು ಕಬ್ಬಿಣದ ಆಂಗಲ್ಲು, ತಂತಿ, ಅದರ ಮೇಲೆ ಹಬ್ಬಿದ ಬಳ್ಳಿ. ಕರ್ನಾಟಕದಲ್ಲಿ ದ್ರಾಕ್ಷಿ ಮತ್ತು ಒಣದ್ರಾಕ್ಷಿಗೆ ಮೊದಲ ಹೆಸರು ವಿಜಯಪುರ ಜಿಲ್ಲೆಯದು. ಜಿಲ್ಲೆಯೊಳಗೆ ಆ ಹೆಸರು ಹೊತ್ತ ಊರುಗಳಲ್ಲಿ ತಿಕೋಟಾ ಮುಂದಿದೆ.

ಬರುವುದಾದರೆ ಫೆಬ್ರುವರಿ ಕೊನೆಯಿಂದ ಏಪ್ರಿಲ್ ನಡುವೆ ಬನ್ನಿ. ಬಿಸಿಲು ಸುಡುತ್ತದೆ, ನಿಜ. ಆದರೆ ಊರು ತನ್ನ ಕೆಲಸದಲ್ಲಿ ಪೂರ್ತಿ ಮುಳುಗಿರುವುದು ಆಗಲೇ.

ಇಲ್ಲಿನ ಬಳ್ಳಿಗೆ ವರ್ಷಕ್ಕೆ ಎರಡು ಸಲ ಕತ್ತರಿ ಬೀಳುತ್ತದೆ. ರೈತರು ಇದಕ್ಕೆ ಚಾಟ್ನಿ ಎನ್ನುತ್ತಾರೆ. ಏಪ್ರಿಲ್ ಚಾಟ್ನಿ ಕಡ್ಡಿ ಬಲಿಯಲಿಕ್ಕೆ, ಅಕ್ಟೋಬರ್ ಚಾಟ್ನಿ ಕಾಯಿ ಹಿಡಿಯಲಿಕ್ಕೆ. ಅಕ್ಟೋಬರದ ನಂತರ ಮನೆಯವರಿಗೆ ನಿದ್ದೆ ಕಡಿಮೆ. ಮೋಡ ಕವಿದರೆ ಬೂದಿರೋಗ, ಕೇವುಡಾ ರೋಗದ ಭಯ. ಹೂವಿನ ಹೊತ್ತಿಗೆ ಮಳೆ ಬಿದ್ದರೆ ಗೊನೆಯೇ ಉದುರುವ ಭಯ. ಥಾಮ್ಸನ್ ಸೀಡ್‌ಲೆಸ್, ಸೋನಾಕಾ, ಮಾಣಿಕ್ ಚಮನ್ ತಳಿಗಳು ಇಲ್ಲಿ ಹೆಚ್ಚು. ಬರ ತಡೆಯಲಿ ಎಂದು ಡಾಗ್‌ರಿಡ್ಜ್ ಎಂಬ ಗಟ್ಟಿ ಬೇರಿನ ಕಾಡುಬಳ್ಳಿ ನೆಟ್ಟು, ಅದರ ಮೇಲೆ ಬೇಕಾದ ತಳಿಯ ಕಸಿ ಕಟ್ಟುತ್ತಾರೆ.

ಹಣ್ಣಿನಲ್ಲಿ ಸಕ್ಕರೆ ತುಂಬಿದ ಮೇಲೆ ಕೊಯ್ಲು. ಹಸಿ ಹಣ್ಣಾಗಿ ಮಾರಿದರೆ ಅಂದಿನ ದರಕ್ಕೆ ತಲೆಬಾಗಬೇಕು, ಒಣಗಿಸಿದರೆ ಕಾಯಬಹುದು. ಅದಕ್ಕೇ ಇಲ್ಲಿ ಒಣಗಿಸುವ ಇಷ್ಟೊಂದು ಶೆಡ್ಡುಗಳು. ಪೊಟ್ಯಾಶಿಯಂ ಕಾರ್ಬೋನೇಟ್ ಮತ್ತು ರೈತರು ಡಿಪ್ಪಿಂಗ್ ಆಯಿಲ್ ಎನ್ನುವ ಈಥೈಲ್ ಓಲಿಯೇಟ್ ಬೆರೆಸಿದ ನೀರಿನಲ್ಲಿ ಗೊನೆಗಳನ್ನು ಅದ್ದುತ್ತಾರೆ. ಹಣ್ಣಿನ ಸಿಪ್ಪೆಯ ಮೇಣ ಸಡಿಲವಾಗಿ ಒಳಗಿನ ನೀರು ಬೇಗ ಹೊರಗೆ ಹೋಗುತ್ತದೆ. ಆಮೇಲೆ ಅಂತಸ್ತು ಅಂತಸ್ತಾಗಿ ಕಟ್ಟಿದ ನೈಲಾನ್ ಬಲೆಗಳ ಮೇಲೆ ನೆರಳಿನಲ್ಲಿ ಹರವುತ್ತಾರೆ. ಶೆಡ್ಡಿಗೆ ಗೋಡೆಯಿಲ್ಲ, ಒಣ ಗಾಳಿ ಅಡ್ಡಹಾಯಬೇಕು. ಎರಡು ವಾರದ ಸುಮಾರಿಗೆ ಹಸಿರು ಮಾಸಿ ಹೊನ್ನಿನ ಬಣ್ಣ ತಿರುಗುತ್ತದೆ. ಸುಮಾರು 4 ಕಿಲೋ ಹಣ್ಣಿಗೆ 1 ಕಿಲೋ ಒಣದ್ರಾಕ್ಷಿ. ಹೆಂಗಸರು ಸಾಲಾಗಿ ಕೂತು ತೊಟ್ಟು ಬಿಡಿಸುವುದು, ಬಣ್ಣ ಮತ್ತು ಗಾತ್ರ ನೋಡಿ ಬೇರೆ ಮಾಡುವುದು ನಡೆದಿರುತ್ತದೆ. ದರಕ್ಕೆ ಕಾಯುವವರು ಮಾಲನ್ನು ಕೋಲ್ಡ್ ಸ್ಟೋರೇಜಿಗೆ ಹಾಕುತ್ತಾರೆ. ಸಾಂಗ್ಲಿ, ತಾಸಗಾಂವ್ ಪೇಟೆಯ ದರ ಇಲ್ಲಿನ ಚಹಾದಂಗಡಿಯಲ್ಲೂ ಮಾತಾಗುತ್ತದೆ. ಈ ಶೆಡ್ಡುಗಳ ನಡುವೆ ಒಂದು ಗಂಟೆ ನಿಂತ ಪ್ರವಾಸಿ ಗುಮ್ಮಟದಷ್ಟೇ ದೊಡ್ಡದೊಂದನ್ನು ನೋಡಿದಂತೆ ಎಂದು ನಾನು ನಂಬಿದ್ದೇನೆ. ಕೇಳಿ ಒಳಗೆ ಹೋಗಿ. ಮುಷ್ಟಿ ತುಂಬ ದ್ರಾಕ್ಷಿ ಕೈಗೆ ಹಾಕದೆ ಕಳಿಸುವುದಿಲ್ಲ.

ಇಷ್ಟೆಲ್ಲ ನಡೆಯುವುದು ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಬೀಳುವ ನಾಡಿನಲ್ಲಿ. ಆದಿಲ್‌ಶಾಹಿ ಕಾಲದ ವಿಜಯಪುರಕ್ಕೆ ಕುಡಿಯುವ ನೀರು ಹೋದದ್ದು ಇದೇ ಪಶ್ಚಿಮದ ಕಡೆಯಿಂದ, ತೊರವಿಯ ಹತ್ತಿರದಿಂದ, ನೆಲದೊಳಗೆ ಕೊರೆದ ಸುರಂಗ ಬಾವಿಗಳ ಮೂಲಕ. ಅದೇ ತೊರವಿಯಲ್ಲಿ ಎರಡನೇ ಇಬ್ರಾಹಿಂ ಆದಿಲ್‌ಶಹ 1599ರಲ್ಲಿ ನವರಸಪುರ ಎಂಬ ಹೊಸ ನಗರವನ್ನೇ ಕಟ್ಟಲು ತೊಡಗಿದ. 1624ರಲ್ಲಿ ಅಹಮದನಗರದ ಮಲಿಕ್ ಅಂಬರನ ಸೈನ್ಯ ಅದನ್ನು ಹಾಳುಗೆಡವಿತು. ಸಂಗೀತ ಮಹಲಿನ ಅವಶೇಷ ಇನ್ನೂ ನಿಂತಿದೆ, ಹೋಗುವಾಗ ಇಳಿದು ನೋಡಿ. ತೊರವೆ ರಾಮಾಯಣ ಬರೆದ ಕುಮಾರ ವಾಲ್ಮೀಕಿಯ ಆರಾಧ್ಯದೈವ ನರಸಿಂಹನೂ ಅಲ್ಲಿಯೇ ಇದ್ದಾನೆ.

ನಮ್ಮ ಕಾಲದಲ್ಲಿ ಬೋರುಗಳು ಬತ್ತಿ, ಬರಗಾಲದಲ್ಲಿ ಟ್ಯಾಂಕರ್ ನೀರು ಕೊಂಡು ಬಳ್ಳಿ ಉಳಿಸಿಕೊಂಡ ಮನೆಗಳು ಈ ಭಾಗದಲ್ಲಿ ಬಹಳ. ಮಾಡಿದ ಸಾಲ ಎಷ್ಟೋ ವರ್ಷ ಹರಿಯಲಿಲ್ಲ. ಬದಲಾವಣೆ ತಂದದ್ದು ಕೃಷ್ಣೆ. ಎಂ.ಬಿ. ಪಾಟೀಲರು 2013ರಿಂದ 2018ರವರೆಗೆ ಜಲಸಂಪನ್ಮೂಲ ಸಚಿವರಾಗಿದ್ದಾಗ ಕೆರೆ ತುಂಬುವ ಯೋಜನೆಗಳೂ, ಜಮಖಂಡಿ ಕಡೆಯಿಂದ ನದಿ ನೀರನ್ನು ಮೇಲೆತ್ತುವ ತುಬಚಿ–ಬಬಲೇಶ್ವರ ಏತ ನೀರಾವರಿಯೂ ಭರದಿಂದ ಸಾಗಿದವು. ಒಣಗಿ ಬಿರಿದಿದ್ದ ಕೆರೆಗಳಿಗೆ ನೀರು ಬಂತು, ಸುತ್ತಲಿನ ಬೋರುಗಳಲ್ಲಿ ಜೀವ ಮೂಡಿತು. ಹೊಲದ ದರ ಏರಿದ್ದು ಈ ನೀರಿನ ಹಿಂದೆಯೇ. ಬಬಲೇಶ್ವರ ತಾಲ್ಲೂಕಿನ ಮಮದಾಪುರದಲ್ಲಿ ಮುಹಮ್ಮದ್ ಆದಿಲ್‌ಶಹನ ಕಾಲದ ದೊಡ್ಡ ಕೆರೆ ಇದೆ. ಅದಕ್ಕೂ ಈಗ ಕೃಷ್ಣೆಯ ನೀರು. ಏರಿಯ ಮೇಲೆ ನಿಂತರೆ ನೀರಿನ ಬೆಲೆ ತಾನೇ ಅರ್ಥವಾಗುತ್ತದೆ.

ಇನ್ನು ಹೊಲ ಕೊಳ್ಳಬಂದವರಿಗೆ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಕಾನೂನು ಬಾಗಿಲು ತೆರೆದಿದೆ ಎಂದ ಮಾತ್ರಕ್ಕೆ ಕಾಗದ ಸರಿಯಿರುತ್ತದೆ ಎಂದಲ್ಲ. ಪಹಣಿಗೆ ಈ ಕಡೆ ಉತಾರ ಎನ್ನುತ್ತಾರೆ. ಮಾಲೀಕನ ಹೆಸರು ಓದಿ ಮಡಚಬೇಡಿ, 11ನೇ ಕಾಲಂ ಓದಿ. ಸಾಲದ ಬೋಜಾ, ಬೇರೆಯವರ ಹಕ್ಕು, ಎಲ್ಲ ಅಲ್ಲಿ ಬರೆದಿರುತ್ತದೆ. 2024ರ ಅಕ್ಟೋಬರಿನಲ್ಲಿ ಇದೇ ತಾಲ್ಲೂಕಿನ ಹೊನವಾಡದ ರೈತರು ತಮ್ಮ ಹೊಲಗಳು ವಕ್ಫ್ ಆಸ್ತಿಯಾಗಿ ದಾಖಲಾಗುತ್ತವೆ ಎಂದು ಕಂಗಾಲಾದದ್ದನ್ನು ನಾಡೆಲ್ಲ ನೋಡಿತು. ಹಳೆಯ ಗೆಜೆಟ್ಟಿನಲ್ಲಿ ಊರ ಹೆಸರು ತಪ್ಪಾಗಿ ಸೇರಿದ್ದೇ ಗೊಂದಲದ ಮೂಲ ಎಂದು ಸರ್ಕಾರದ ಕಡೆಯಿಂದ ವಿವರಣೆ ಬಂತು, ನವೆಂಬರಿನಲ್ಲಿ ರೈತರಿಗೆ ಕೊಟ್ಟಿದ್ದ ನೋಟಿಸು ಹಿಂಪಡೆಯಲು ಆದೇಶವಾಯಿತು. ತಲೆಮಾರುಗಳಿಂದ ಉಳುತ್ತಿದ್ದವರಿಗೇ ಹೀಗಾದರೆ ಹೊಸಬರು ಎಷ್ಟು ಎಚ್ಚರವಿರಬೇಕು, ಯೋಚಿಸಿ.

ಮನೆಯ ಹೆಣ್ಣುಮಕ್ಕಳನ್ನು ಮರೆತು ನಡೆದ ವಾಟ್ನಿ, ಅಂದರೆ ಆಸ್ತಿಯ ಪಾಲು, ಮುಂದೆ ಕೋರ್ಟಿಗೆ ಹೋಗುತ್ತದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಅವರಿಗೂ ಸಮಪಾಲಿದೆ; ಅಕ್ಕತಂಗಿಯರ ಒಪ್ಪಿಗೆಯಿಲ್ಲದ ಖರೀದಿಗೆ ಕೈಹಾಕಬೇಡಿ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಕೊಂಡರೆ 1978ರ ಕಾಯ್ದೆಯಂತೆ ಆ ಖರೀದಿ ನಿಲ್ಲುವುದಿಲ್ಲ, ನಿಲ್ಲಲೂಬಾರದು. ಹೊಲಕ್ಕೆ ಹೋಗುವ ದಾರಿ ನಕಾಶೆಯಲ್ಲಿದೆಯೇ, ಇಲ್ಲಾ ಬರೀ ರೂಢಿಯೇ ಎಂದು ಪಕ್ಕದ ಹೊಲದವರನ್ನು ಕೇಳಿ. ಎನ್‌ಎ, ಅಂದರೆ ಕೃಷಿಯೇತರ ಪರಿವರ್ತನೆ, ಆಗದ ಹೊಲವನ್ನು ಗುಂಟೆಗಟ್ಟಲೆ ತುಂಡು ಮಾಡಿ ಸೈಟೆಂದು ಮಾರುವವರ ಹತ್ತಿರ ಸುಳಿಯಬೇಡಿ.

ಕೊಂಡು, ಸುತ್ತ ಬೇಲಿ ಹಾಕಿ, ದರ ಏರಲಿ ಎಂದು ಪಾಳು ಕೆಡವುವವರ ಬಗ್ಗೆ ನನಗೆ ಬೇಸರವಿದೆ. ಸಾರ್ವಜನಿಕ ಹಣದಿಂದ ಇಷ್ಟು ದೂರ ಎತ್ತಿ ತಂದ ನೀರು ಬೆಳೆಗೆ ಸಲ್ಲಬೇಕು. ದುಡಿಯುವ ಹೊಲ ಒಂದೊಂದೇ ಪಾಳು ಬಿದ್ದಂತೆ ತೊಟ್ಟು ಬಿಡಿಸುವ ಹೆಂಗಸರ ಕೂಲಿಯೂ ಹೋಗುತ್ತದೆ. ಬೆಳೆಯುವ ಮನಸ್ಸಿದ್ದವರು ಬರಲಿ. ಹೊಸ ಬಳ್ಳಿ ಫಲ ಕೊಡಲು ಎರಡು ವರ್ಷದ ಹತ್ತಿರ ಬೇಕು, ಅಲ್ಲಿಯತನಕ ಬರೀ ಖರ್ಚು ಎಂಬುದು ತಿಳಿದು ಬರಲಿ.

ನೋಡಲಷ್ಟೇ ಬಂದವರಿಗೆ ಸುತ್ತಮುತ್ತ ಸ್ಥಳಗಳಿಗೆ ಕೊರತೆಯಿಲ್ಲ. 2023ರ ಜನವರಿ 2ರಂದು ಅಗಲಿದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಹುಟ್ಟಿದ ಬಿಜ್ಜರಗಿ ಇಲ್ಲೇ ಇದೆ. ಅರಕೇರಿ ಕಡೆಯ ಮುಮ್ಮೆಟ್ಟಿಗುಡ್ಡದಲ್ಲಿ ಹಾಲುಮತದವರ ಅಮೋಘಸಿದ್ಧ. ಬಬಲೇಶ್ವರ ತಾಲ್ಲೂಕಿನ ಕಾಖಂಡಕಿ ಮಹಿಪತಿದಾಸರ ಊರು. ಆದಿಲ್‌ಶಾಹಿ ದರ್ಬಾರಿನ ಕೆಲಸ ಬಿಟ್ಟು, ಡೋಣಿ ನದಿ ದಂಡೆಯ ಸಾರವಾಡದ ಭಾಸ್ಕರಸ್ವಾಮಿಗಳಿಂದ ಉಪದೇಶ ಪಡೆದು ಹಾಡಿದವರು ಅವರು. ಕಾರಹುಣ್ಣಿಮೆಯ ಕರಿಗೂ ಆ ಊರು ಹೆಸರುವಾಸಿ. ಉಳಿಯಲು ವಿಜಯಪುರವೇ ಅನುಕೂಲ. ಮಧ್ಯಾಹ್ನದ ಊಟ ಮಾತ್ರ ಹಳ್ಳಿಯಲ್ಲೇ ಆಗಲಿ: ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು.

ಹೊಲದ ಮಾತಿಗೆ ಬಂದವರಿಗೆ ಇನ್ನೊಂದು ವಿಷಯ. ಬೋರಿನ ನೀರನ್ನು ನವೆಂಬರಿನಲ್ಲಿ ನೋಡಿ ಮುಂಗಡ ಕೊಡಬೇಡಿ. ಮೇ ತಿಂಗಳಲ್ಲಿ ಬಂದು ಮೋಟಾರು ಚಾಲೂ ಮಾಡಿಸಿ, ಎರಡು ತಾಸು ಓಡಿಸಿ, ಆಗಲೂ ಪೈಪು ತುಂಬಿ ಬೀಳುತ್ತಿದ್ದರೆ ಆಮೇಲೆ ದರದ ಮಾತಿಗೆ ಕೂತುಕೊಳ್ಳಿ.