ತರಗತಿಯ ನೂತನ ಸಾಧನಗಳೂ ವಿದ್ಯಾರ್ಥಿಯ ಹಿಮ್ಮಾಹಿತಿಯೂ

ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಹೊಯ್ಸಳರ ಕಾಲದಲ್ಲಿ ಉದ್ಭವ ನರಸಿಂಹಪುರವೆಂಬ ಅಗ್ರಹಾರವಾಗಿತ್ತು. ಗುರುಶಿಷ್ಯರು ಎದುರುಬದುರಾಗಿ ಕುಳಿತು ಪಾಠ ನಡೆಸುವಲ್ಲಿ ಶಿಷ್ಯನ ಮುಖವೇ ಗುರುವಿಗೆ ಉತ್ತರ. ಇಂದು ಬೆಳ್ಳೂರಿನ ಸಮೀಪದ ಬಿ.ಜಿ. ನಗರದಲ್ಲಿ 2018ರಲ್ಲಿ ಸ್ಥಾಪಿತವಾದ ಆದಿಚುಂಚನಗಿರಿ ವಿಶ್ವವಿದ್ಯಾನಿಲಯವಿದೆ. ಪಾಠವು ಪರದೆಯ ಮೂಲಕವೂ ಬರುತ್ತಿದೆ. ಸಾಧನ ಬದಲಾದಾಗ ಅಧ್ಯಾಪಕರು ಹೊಂದಿಕೊಳ್ಳಬೇಕಾದದ್ದು ಯಂತ್ರಕ್ಕೋ ವಿದ್ಯಾರ್ಥಿಗೋ ಎಂಬುದೇ ಪ್ರಕೃತ ಲೇಖನದ ವಿಚಾರ.

ಬೋಧನೆಯ ಫಲವೇನಾಯಿತೆಂದು ಕಲಿಯುವವನಿಂದ ಕಲಿಸುವವನಿಗೆ ಮರಳಿ ಬರುವ ತಿಳಿವಳಿಕೆಯನ್ನು ಇಲ್ಲಿ ಹಿಮ್ಮಾಹಿತಿ ಎಂದು ಕರೆಯುತ್ತೇವೆ. ಅದು ಅಧ್ಯಾಪಕರಿಗೆ ಕೊಡುವ ಅಂಕವಲ್ಲ. ಮುಂದಿನ ಪಾಠವನ್ನು ತಿದ್ದುವ ಉಪಕರಣ.

ನಮ್ಮ ನಾಡಿನ ಅಧ್ಯಾಪಕರು ಹೊಸ ಸಾಧನಕ್ಕೆ ಅಂಜಿದವರೇನೂ ಅಲ್ಲ. ಮೈಸೂರಿನಲ್ಲಿ 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದ ಎಂ.ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರು. 1975-76ರಲ್ಲಿ ಉಪಗ್ರಹ ದೂರದರ್ಶನದ ಪ್ರಯೋಗವು ಭಾರತದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಮುಟ್ಟಿತು; ಕರ್ನಾಟಕವೂ ಅವುಗಳಲ್ಲೊಂದು. 2004ರಲ್ಲಿ ಶ್ರೀಹರಿಕೋಟೆಯಿಂದ ಹಾರಿದ ಎಡ್ಯುಸ್ಯಾಟ್ ಉಪಗ್ರಹದ ಪಾಠಗಳು ಚಾಮರಾಜನಗರ ಜಿಲ್ಲೆಯ 800ಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳನ್ನು ತಲುಪಿದವು. ಬಾನುಲಿಗಾಗಲಿ ದೂರದರ್ಶನಕ್ಕಾಗಲಿ ಕೇಳುಗನ ಮುಖ ಕಾಣದು. ಪಾಠ ಹೊರಟದ್ದು ಗೊತ್ತು, ನಾಟಿದ್ದು ಗೊತ್ತಿಲ್ಲ. ಆ ಕೊರತೆಯನ್ನು ತುಂಬುವ ಭಾರ ಪೆಟ್ಟಿಗೆಯ ಪಕ್ಕದಲ್ಲಿ ನಿಂತ ಉಪಾಧ್ಯಾಯರದೇ ಆಗುತ್ತದೆ.

ಮೊಬೈಲ್ ಫೋನಿನಲ್ಲಿ ಮಾತು ಎರಡು ಕಡೆಗೂ ಹರಿಯುತ್ತದೆ, ನಿಜ. ಆದರೆ ಫೋನು ಎಲ್ಲರಲ್ಲಿಯೂ ಇರಬೇಕಷ್ಟೆ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಕರ್ನಾಟಕ ಸರ್ಕಾರವು ‘ವಿದ್ಯಾಗಮ’ ಯೋಜನೆಯನ್ನು ಆರಂಭಿಸಿ, ಮಕ್ಕಳ ಬಳಿ ಯಾವ ಸಾಧನವಿದೆಯೆಂಬುದನ್ನು ನೋಡಿ ಗುಂಪು ಮಾಡಿಸಿತು. ಫೋನಿಲ್ಲದ ಮಕ್ಕಳಿಗಾಗಿ ಉಪಾಧ್ಯಾಯರು ಊರಿನ ಕಟ್ಟೆ, ಗುಡಿಯ ಜಗಲಿಗಳಲ್ಲಿ ಪಾಠ ಮಾಡಿದರು. ಆ ವರ್ಷದ ಅಕ್ಟೋಬರಿನಲ್ಲಿ ಯೋಜನೆ ಸ್ಥಗಿತವಾಯಿತಾದರೂ ಅದು ಕಲಿಸಿದ ಪಾಠ ಉಳಿದಿದೆ: ಪರದೆಯ ಮೇಲೆ ಕಾಣದ ವಿದ್ಯಾರ್ಥಿಯ ಮೌನವನ್ನು ಒಪ್ಪಿಗೆಯೆಂದು ಭಾವಿಸಲಾಗದು.

ಕಾಲೇಜುಗಳಲ್ಲಿ ಹಿಮ್ಮಾಹಿತಿಗೆ ಈಗ ವಿಧಿಬದ್ಧ ರೂಪವುಂಟು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ನ್ಯಾಕ್ ಸಂಸ್ಥೆಯು 2017ರ ಪರಿಷ್ಕೃತ ಮೌಲ್ಯಮಾಪನದಲ್ಲಿ ವಿದ್ಯಾರ್ಥಿಗಳ ಸಂತೃಪ್ತಿ ಸಮೀಕ್ಷೆಯನ್ನು ಸೇರಿಸಿತು. ಅದರಲ್ಲಿ ಆಯ್ಕೆಯ ಉತ್ತರವುಳ್ಳ 20 ಪ್ರಶ್ನೆಗಳೂ ಸ್ವಂತ ಮಾತಿನಲ್ಲಿ ಸಲಹೆ ಬರೆಯುವ ಒಂದು ಪ್ರಶ್ನೆಯೂ ಇದ್ದವು. ಇಂಥ ಸಮೀಕ್ಷೆಯಿಂದ ಸಂಸ್ಥೆಗೆ ಪ್ರಯೋಜನವುಂಟು. ಆದರೆ ವರ್ಷಾಂತ್ಯದಲ್ಲಿ ಹೇಳಿದ ಮಾತು ಹೇಳಿದವನಿಗೆ ಒದಗುವುದಿಲ್ಲ. ಆ ವೇಳೆಗೆ ಅವನು ಆ ತರಗತಿಯನ್ನೇ ದಾಟಿರುತ್ತಾನೆ.

ಇನ್ನೊಂದು ಎಚ್ಚರವೂ ಅಗತ್ಯ. ವಿದ್ಯಾರ್ಥಿಗೆ ಹಿಡಿಸಿದ್ದೆಲ್ಲವೂ ಅವನು ಕಲಿತದ್ದಲ್ಲ. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ತರಗತಿಗಳನ್ನು ಕುರಿತು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಾವೇ ಸಮಸ್ಯೆಗಳನ್ನು ಬಿಡಿಸಿ ಕಲಿತವರು ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದರು; ಆದರೂ ಸೊಗಸಾದ ಉಪನ್ಯಾಸ ಕೇಳಿದವರಿಗಿಂತ ತಾವು ಕಡಮೆ ಕಲಿತೆವೆಂದೇ ಭಾವಿಸಿದ್ದರು. ಆದಕಾರಣ ‘ಪಾಠ ಹೇಗಿತ್ತು?’ ಎಂಬುದಕ್ಕಿಂತ ‘ಯಾವುದು ತಿಳಿಯಲಿಲ್ಲ?’ ಎಂಬ ಪ್ರಶ್ನೆಯೇ ಮೇಲು.

ಇದಕ್ಕೆ ದುಬಾರಿ ಸಾಧನ ಬೇಕಿಲ್ಲ. ಪಾಠದ ಕೊನೆಯ ಎರಡು ನಿಮಿಷಗಳಲ್ಲಿ ಪ್ರತಿಯೊಬ್ಬರೂ ತಮಗೆ ಅರ್ಥವಾಗದ ಒಂದಂಶವನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆದುಕೊಡಲಿ. ಇಪ್ಪತ್ತು ಮಂದಿಯ ತರಗತಿಯಲ್ಲಿ ಅಕ್ಷರದಿಂದಲೇ ಬರೆದವರ ಗುರುತು ಸಿಕ್ಕುವುದರಿಂದ, ಅಲ್ಲಿ ಫೋನಿನ ಪ್ರಶ್ನಾವಳಿಯಲ್ಲಿ ಹೆಸರು ಕೇಳದಿರುವುದು ಹೆಚ್ಚು ಕ್ಷೇಮ. ಫೋನಿಲ್ಲದವರಿಗೆ ಚೀಟಿಯೂ ಇರಲಿ. ಮರುದಿನ ಅಧ್ಯಾಪಕರು ಹೆಚ್ಚು ಮಂದಿ ಎಡವಿದ ಒಂದಂಶವನ್ನು ಮೊದಲು ವಿವರಿಸಿ ಮುಂದುವರಿಯಬೇಕು. ತಮ್ಮ ಮಾತಿಗೆ ಫಲವುಂಟೆಂದು ಕಂಡರೆ ಮಾತ್ರ ವಿದ್ಯಾರ್ಥಿಗಳು ಮತ್ತೆ ಮನಬಿಚ್ಚಿ ಬರೆಯುತ್ತಾರೆ.

ಹಳ್ಳಿಯಿಂದ ಬಂದು ಹಿಂದಿನ ಬೆಂಚಿನಲ್ಲಿ ಕುಳಿತು, ಸಂಕೋಚದಿಂದ ಎದ್ದು ಕೇಳಲಾರದ ವಿದ್ಯಾರ್ಥಿಗೆ ಈ ಚೀಟಿಯೇ ನಾಲಗೆ. ಅವನ ಪ್ರಶ್ನೆಯನ್ನು ಅಧ್ಯಾಪಕರಿಗೆ ಮುಟ್ಟಿಸುವ ಸಾಧನ, ಅದು ಕಾಗದವಾಗಲಿ ಪರದೆಯಾಗಲಿ, ತರಗತಿಗೆ ಯೋಗ್ಯವಾದ ಸಾಧನವೆಂದು ನಾವು ಭಾವಿಸುತ್ತೇವೆ.