ತಾರಸಿ ನಿಮ್ಮದು, ಕರೆಂಟು ಯಾರದು?

ಸರ್ಕಾರ ಮತ್ತು ಖಾಸಗಿಯವರು ಸೇರಿ ಸೌರ ವಿದ್ಯುತ್ ಮಾಡುತ್ತಾರೆ ಎಂದ ಕೂಡಲೇ ಒಬ್ಬರು ‘ಸರ್ಕಾರಿ ಆಸ್ತಿ ಕಂಪನಿ ಪಾಲಾಯಿತು’ ಅನ್ನುತ್ತಾರೆ. ಇನ್ನೊಬ್ಬರು ‘ದುಡ್ಡು ಕಂಪನಿಯದು, ಸರ್ಕಾರಕ್ಕೆ ಬಿಡಿಗಾಸೂ ಖರ್ಚಿಲ್ಲ’ ಅನ್ನುತ್ತಾರೆ. ಗುಜರಾತಿನ ಲೆಕ್ಕ ನೋಡಿದರೆ ಎರಡು ಮಾತೂ ನಿಲ್ಲುವುದಿಲ್ಲ.

ಅಹಮದಾಬಾದಿನ ಮಗ್ಗುಲಲ್ಲೇ ಇರುವ ಗಾಂಧಿನಗರದಲ್ಲಿ 2012ರಲ್ಲಿ 5 ಮೆಗಾವಾಟ್‌ನ ತಾರಸಿ ಯೋಜನೆಗೆ ಸಹಿ ಬಿತ್ತು. ಅಜ್ಯೂರ್ ಪವರ್ ಮತ್ತು ಸನ್‌ಎಡಿಸನ್ ಎಂಬ ಎರಡು ಖಾಸಗಿ ಕಂಪನಿಗಳಿಗೆ ತಲಾ ಅರ್ಧ. ಸರ್ಕಾರಿ ಕಟ್ಟಡಗಳ ಜೊತೆ ಸಾಮಾನ್ಯರ ಮನೆಗಳ ತಾರಸಿಯೂ 25 ವರ್ಷದ ಏರ್ಪಾಡಿಗೆ ಸೇರಿತು. ಇದರಿಂದ ಮನೆಗೆ ಪುಕ್ಕಟೆ ಕರೆಂಟು ಬರುತ್ತದೆ ಎಂದುಕೊಂಡವರೂ ಇದ್ದಾರು. ಬರುವುದಿಲ್ಲ. ಹುಟ್ಟಿದ ಕರೆಂಟು ಅಲ್ಲಿ ವಿದ್ಯುತ್ ಹಂಚುವ ಖಾಸಗಿ ಕಂಪನಿ ಟೊರೆಂಟ್ ಪವರ್‌ನ ಜಾಲಕ್ಕೆ ಹೋಗುತ್ತದೆ. ಮನೆಯವರು ಪ್ಯಾನೆಲ್‌ಗೆ ಹಣ ಹಾಕಬೇಕಿಲ್ಲ; ಯೂನಿಟ್‌ಗೆ 3 ರೂಪಾಯಿ ಬಾಡಿಗೆ ಅವರಿಗೆ. ಒಂದು ಕಿಲೋವಾಟ್ ವರ್ಷಕ್ಕೆ ಸುಮಾರು 1,500 ಯೂನಿಟ್ ಕೊಟ್ಟರೆ, ಎರಡು ಕಿಲೋವಾಟ್‌ನ ತಾರಸಿಗೆ 9,000 ರೂಪಾಯಿ. ಬಟ್ಟೆ ಒಣಗಿಸುವ ಜಾಗಕ್ಕೆ ಇದು ಕಡಿಮೆಯೇನಲ್ಲ! ತಾರಸಿಯ ಒಡೆತನವೂ ಎಲ್ಲಿಗೂ ಹೋಗಲಿಲ್ಲ. ಇದೇ ಮಾದರಿ ಮುಂದೆ ವಡೋದರಕ್ಕೂ ಹೋಯಿತು. ನಮ್ಮ ಪಾವಗಡದ ಸೌರ ಪಾರ್ಕಿಗೂ ರೈತರು ಭೂಮಿ ಮಾರಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಕೊಟ್ಟರು. ಆದರೆ ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಗುತ್ತಿಗೆ ಹಣ ಎಲ್ಲಿಂದ ಬರಬೇಕು?

ಕಂಪನಿ ಕಟ್ಟಿದ್ದೆಲ್ಲ ಸಹಭಾಗಿತ್ವವೂ ಅಲ್ಲ. ವಡೋದರ ಬಳಿ ನರ್ಮದಾ ಕಾಲುವೆಯ ಮೇಲಿರುವ 10 ಮೆಗಾವಾಟ್ ಘಟಕ ಸರ್ಕಾರಿ ನಿಗಮದ್ದೇ. ಖಾಸಗಿಯವರು ಗುತ್ತಿಗೆದಾರರು ಮಾತ್ರ. ಸೂರತ್ ಮಹಾನಗರ ಪಾಲಿಕೆಯಂತೂ ತನ್ನದೇ ಗಾಳಿಯಂತ್ರಗಳನ್ನು ನಿಲ್ಲಿಸಿಕೊಂಡಿದೆ.

ಇನ್ನು ಖರ್ಚಿನ ಮಾತು. ಪ್ಯಾನೆಲ್‌ಗೆ ಬಂಡವಾಳ ಹಾಕುವವರು ಖಾಸಗಿಯವರು, ನಿಜ. ಆದರೆ 25 ವರ್ಷ ಕರೆಂಟು ಕೊಳ್ಳುತ್ತೇವೆಂದು ಬರೆದುಕೊಡುವುದು ಹೆಚ್ಚಾಗಿ ಸರ್ಕಾರಿ ವಿದ್ಯುತ್ ಸಂಸ್ಥೆ. ಆ ಕಾಗದ ನೋಡಿಯೇ ಬ್ಯಾಂಕು ಸಾಲ ಕೊಡುವುದು. 2010ರಲ್ಲಿ ಗುಜರಾತಿನ ವಿದ್ಯುತ್ ನಿಯಂತ್ರಣ ಆಯೋಗ ಮೊದಲ 12 ವರ್ಷಕ್ಕೆ ಯೂನಿಟ್‌ಗೆ 15 ರೂಪಾಯಿ, ಆಮೇಲೆ 5 ರೂಪಾಯಿ ದರ ಕಟ್ಟಿತು. ಆಗ ಪ್ಯಾನೆಲ್ ದುಬಾರಿ, ಕೈ ಹಾಕುವವರೂ ಕಡಿಮೆ. ಆ ದರವಿಲ್ಲದಿದ್ದರೆ ಅಷ್ಟು ಬೇಗ ಯಾರೂ ಬರುತ್ತಿರಲಿಲ್ಲ ಎಂದೇ ನನ್ನ ಎಣಿಕೆ. ಆದರೆ ಪ್ಯಾನೆಲ್ ಬೆಲೆ ಇಳಿಯಿತು, ಒಪ್ಪಂದದ ದರ ಇಳಿಯಲಿಲ್ಲ. ಕರೆಂಟು ಕೊಳ್ಳುತ್ತಿದ್ದ ಸರ್ಕಾರಿ ಕಂಪನಿ ಗುಜರಾತ್ ಊರ್ಜಾ ವಿಕಾಸ್ ನಿಗಮ್, ದರ ತಗ್ಗಿಸಿ ಎಂದು ಆಯೋಗದ ಮುಂದೆ ಹೋಯಿತು. 2013ರಲ್ಲಿ ಆಯೋಗ ಒಪ್ಪಲಿಲ್ಲ. ಸಹಿ ಎಂದರೆ ಸಹಿ. ಆ ಹೊರೆ ಕೊನೆಗೆ ತಿಂಗಳ ಬಿಲ್ಲಿನಲ್ಲೇ ಬಂದು ಕೂರುತ್ತದೆ.

2020ರ ಡಿಸೆಂಬರಿನಲ್ಲಿ ಅದೇ ನಿಗಮದ ಹರಾಜಿನಲ್ಲಿ ಸೌರ ವಿದ್ಯುತ್ತಿನ ದರ 1.99 ರೂಪಾಯಿಗೆ ಇಳಿಯಿತು. ಹಳೆಯ ಘಟಕಗಳಿಗೆ 15 ರೂಪಾಯಿಯ ಅವಧಿ ಮುಗಿಯುವ ಹೊತ್ತಿಗೆ 2023–24 ಆಗಿತ್ತು. ಅಲ್ಲಿಂದ ಮುಂದಿನ 13 ವರ್ಷದ 5 ರೂಪಾಯಿಯೂ ಆ ಹರಾಜು ದರದ ಎರಡೂವರೆ ಪಟ್ಟು.